ಪಕ್ಕದ ಕುರ್ಚಿಯಲ್ಲಿ ಕೂತಿರೋದು ಯಾರು?

ದಸರಾ ರಜೆ ಬಂತು ಅಂದ್ರೆ ಮೈಸೂರಿಗೆ ಬರೋ ಪ್ರವಾಸಿಗರ ದಾರಿಯನ್ನು ಕಣ್ಣು ಮುಚ್ಚಿಕೊಂಡು ಹೇಳಬಹುದು. ಬೆಳಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಅರಮನೆ, ಅಲ್ಲಿಂದ ಮೃಗಾಲಯ. ಮೃಗಾಲಯ ಸುತ್ತಿ ಹೊರಗೆ ಬರೋ ಹೊತ್ತಿಗೆ ಮಕ್ಕಳ ಕಾಲು ಸೋತಿರುತ್ತೆ, ದೊಡ್ಡವರ ಹೊಟ್ಟೆ ಚುರುಗುಟ್ಟುತ್ತಿರುತ್ತೆ. ಆಟೋದವರು ಕೇಳೋದು ಒಂದೇ ಪ್ರಶ್ನೆ: "ಮಾಲ್‌ಗೆ ಬಿಡ್ಲಾ ಸಾರ್?"

ಇಟ್ಟಿಗೆಗೂಡು, ನಜರ್‌ಬಾದ್ ಕಡೆ ಈಗ ಮಾಲ್‌ಗಳಿವೆ. ಮಾಲ್ ಆಫ್ ಮೈಸೂರು ಇದೆ. ಮೊದಲು ಫೋರಂ ಅಂತಿದ್ದು ಈಗ ನೆಕ್ಸಸ್ ಆಗಿರೋ ಸೆಂಟರ್ ಸಿಟಿ ಇದೆ. ಎಸಿ ಇದೆ, ಶೌಚಾಲಯ ಇದೆ, ಫುಡ್‌ಕೋರ್ಟ್ ಇದೆ. ಒಂದು ಮೇಜು ಹಿಡಿದು ಕೂತ ಕುಟುಂಬವನ್ನು ನೋಡಿ. ಅಜ್ಜಿಗೆ ಸೆಟ್ ದೋಸೆ, ಅಳಿಯನಿಗೆ ಬಿರಿಯಾನಿ, ಮೊಮ್ಮಗನಿಗೆ ಬರ್ಗರ್, ಸೊಸೆಗೆ ನೂಡಲ್ಸ್. ಪಕ್ಕದ ಮೇಜಿನಲ್ಲಿ ಕೇರಳದವರು, ಅದರ ಪಕ್ಕ ಗುಜರಾತಿನವರು. ಯಾರೂ ಯಾರನ್ನೂ "ನೀವು ಯಾವ ಪೈಕಿ?" ಅಂತ ಕೇಳಲ್ಲ.

ಇದರಲ್ಲಿ ಏನು ವಿಶೇಷ ಅಂತೀರಾ? ವಿಶೇಷ ಇದೆ. ನೂರು ವರ್ಷದ ಹಿಂದೆ ಇದೇ ಮೈಸೂರಿನಲ್ಲಿ ಈ ದೃಶ್ಯ ಸಾಧ್ಯವೇ ಇರಲಿಲ್ಲ. ಫುಡ್‌ಕೋರ್ಟ್‌ನ ರುಚಿ ಬಗ್ಗೆ, ರೇಟಿನ ಬಗ್ಗೆ ಎಲ್ಲರೂ ಮಾತಾಡ್ತಾರೆ. ನಾನು ಇವತ್ತು ಆ ಮೇಜಿನ ಬಗ್ಗೆ ಮಾತಾಡ್ತೀನಿ.

ಮೊದಲು ಅರಮನೆಯಿಂದಲೇ ಶುರು ಮಾಡೋಣ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ. ವೈಸ್‌ರಾಯ್ ಬರ್ತಿದ್ದರು, ಅವರಿಗೆ ದೊಡ್ಡ ಔತಣ ಇರ್ತಿತ್ತು. ಆದರೆ ಆತಿಥೇಯರಾದ ಮಹಾರಾಜರೇ ಆ ಊಟಕ್ಕೆ ಕೂರುತ್ತಿರಲಿಲ್ಲ. ಅತಿಥಿಗಳ ಊಟ ಮುಗಿದ ಮೇಲೆ ಬಂದು ಪಕ್ಕದಲ್ಲಿ ಕೂತು, ಭಾಷಣ ಮಾಡಿ, ಗೌರವ ಸಲ್ಲಿಸುತ್ತಿದ್ದರು. ಯುರೋಪಿಯನ್ ಅತಿಥಿಗಳಿಗಾಗಿಯೇ 1920ರಲ್ಲಿ ಮೆಟ್ರೋಪೋಲ್ ಬಂತು. ಮರುವರ್ಷ, ಅಂದರೆ 1921ರಲ್ಲಿ, ಬೆಟ್ಟದ ಬುಡದಲ್ಲಿ ಲಲಿತಮಹಲ್‌ಗೆ ಅಡಿಗಲ್ಲು ಬಿತ್ತು. ಅದು ವೈಸ್‌ರಾಯ್ ತಂಗಲು ಕಟ್ಟಿಸಿದ ಅರಮನೆ. ಅವರ ವಾಸಕ್ಕೆ ಬೇರೆ ಕಟ್ಟಡ, ಅವರ ಊಟಕ್ಕೆ ಬೇರೆ ಅಡುಗೆಮನೆ.

ಇದನ್ನು ಟೀಕೆಗಾಗಿ ಹೇಳ್ತಿಲ್ಲ. ಹಿಂದುಳಿದ ವರ್ಗದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಬೇಕು ಅಂತ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದವರು ಇದೇ ನಾಲ್ವಡಿಯವರು. ಇಡೀ ದೇಶಕ್ಕೆ ದಾರಿ ತೋರಿಸಿದ ಕೆಲಸ ಅದು. ಅಂಥವರಿಗೂ ಊಟದ ಮೇಜಿನ ಕಟ್ಟಳೆ ಮೀರೋಕೆ ಆಗಲಿಲ್ಲ ಅಂದ್ರೆ ಆ ಕಟ್ಟಳೆ ಎಷ್ಟು ಗಟ್ಟಿ ಇತ್ತು, ಯೋಚನೆ ಮಾಡಿ.

ಅರಮನೆಯ ಕಥೆ ಹಾಗಾದರೆ ಜನಸಾಮಾನ್ಯರದ್ದು? ದಸರಾ ನೋಡೋಕೆ ಹಳ್ಳಿಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದವರು ಬುತ್ತಿ ತರ್ತಿದ್ದರು. ನೆಂಟರ ಮನೆ ಇದ್ದವರಿಗೆ ನೆಂಟರ ಮನೆ. ಇಲ್ಲದವರಿಗೆ ಛತ್ರ. ಛತ್ರದಲ್ಲೂ ಯಾರು ಒಳಗೆ, ಯಾರು ಜಗಲಿಯಲ್ಲಿ, ಯಾರು ರಸ್ತೆಯಲ್ಲಿ ಅನ್ನೋದು ಹುಟ್ಟಿನಿಂದಲೇ ತೀರ್ಮಾನ ಆಗಿರ್ತಿತ್ತು. ಇದಕ್ಕೆ ನಮ್ಮಲ್ಲಿ ಒಂದು ಪದ ಇದೆ: ಪಂಕ್ತಿಭೇದ. ನಾನು ಕೂತ ಸಾಲಿನಲ್ಲಿ ನೀನು ಕೂರುವ ಹಾಗಿಲ್ಲ, ಅಷ್ಟೇ ಅದರ ಅರ್ಥ. 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಒಂದೇ ಸಾಲಿನಲ್ಲಿ ಕೂತು ಉಣ್ಣೋದನ್ನು ತೋರಿಸಿಕೊಟ್ಟಿದ್ದರು. ನಾವು ಅದನ್ನು ಭಾಷಣದಲ್ಲಿ ಇಟ್ಟುಕೊಂಡೆವು, ಊಟದಲ್ಲಿ ಬಿಟ್ಟೆವು.

ಆಮೇಲೆ ಬಂತು ಹೋಟೆಲ್. ದುಡ್ಡು ಕೊಟ್ಟು ಪರಸ್ಥಳದಲ್ಲಿ ಊಟ ಮಾಡೋದು ಅನ್ನೋದೇ ಆಗ ಹೊಸ ವಿಷಯ. ಅಡುಗೆ ಮಾಡಿದವರು ಯಾರು ಅಂತ ಗೊತ್ತಿಲ್ಲದ ಕಡೆ ಬಾಯಿಗೆ ತುತ್ತು ಇಡೋದು ಹೇಗೆ? ಅದಕ್ಕೇ ಹೋಟೆಲಿನವರು ಬೋರ್ಡಿನಲ್ಲೇ ಉತ್ತರ ಬರೆದರು. ಇವತ್ತು ಜಗತ್ತಿಗೇ ಗೊತ್ತಿರೋ ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಕರಾವಳಿಯಿಂದ ಬಂದ ಉಡುಪಿಯವರು ಊರೂರಲ್ಲಿ ಹೋಟೆಲ್ ತೆಗೆದರು. ಎಷ್ಟೋ ಕಡೆ ಬ್ರಾಹ್ಮಣರಿಗೆ ಒಳಗಿನ ಕೋಣೆ, ಉಳಿದವರಿಗೆ ಹೊರಗಿನ ಹಾಲ್. ಮಾಂಸಾಹಾರಕ್ಕೆ ಮಿಲಿಟರಿ ಹೋಟೆಲ್ ಅಂತ ಬೇರೆ ಬೋರ್ಡು. ಮೈಸೂರಿನ ಮಂಡಿ ಮೊಹಲ್ಲಾದ ಹನುಮಂತು ಹೋಟೆಲ್‌ನ ಪಲಾವ್ ಆ ಕಾಲದಿಂದ ಬಂದದ್ದು. ಮೈಸೂರಿನಲ್ಲೇ ಹುಟ್ಟಿದ ದಾಸಪ್ರಕಾಶ್ 1954ರಲ್ಲಿ ಮದ್ರಾಸಿಗೂ ಹೋಗಿ ಹೆಸರು ಮಾಡಿತು. ನಜರ್‌ಬಾದಿನ ಮೈಲಾರಿಯಲ್ಲಿ ನಾಲ್ಕು ಮೇಜಿನ ನಡುವೆ ಬೆಣ್ಣೆ ದೋಸೆಗೆ ಜನ ಇವತ್ತಿಗೂ ಕಾಯ್ತಾರೆ.

ಹೀಗೆ ಸಸ್ಯಾಹಾರಿಗೆ ಒಂದು ಬಾಗಿಲು, ಮಾಂಸಾಹಾರಿಗೆ ಇನ್ನೊಂದು ಬಾಗಿಲು. ದಲಿತರಿಗೆ? ಬಹಳಷ್ಟು ಕಡೆ ಬಾಗಿಲೇ ಇಲ್ಲ. ಹಳ್ಳಿಯ ಟೀ ಅಂಗಡಿಗಳಲ್ಲಿ ಎರಡು ಲೋಟ. ಒಂದು ಎಲ್ಲರಿಗೆ, ಇನ್ನೊಂದು ಹೊರಗೆ ಗೂಟಕ್ಕೆ ಸಿಕ್ಕಿಸಿದ್ದು, "ಅವರಿಗೆ". ಕುಡಿದವರೇ ಅದನ್ನು ತೊಳೆದಿಡಬೇಕು.

ಈ ಗೋಡೆ ಒಡೆದದ್ದು ಮಾಲ್ ಅಲ್ಲ. ಒಡೆದದ್ದು ಸಂವಿಧಾನ. 15ನೇ ವಿಧಿಯ 2ನೇ ಉಪವಿಧಿ ತೆಗೆದು ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲ್, ಮನರಂಜನೆಯ ಜಾಗಗಳಿಂದ ದೂರ ಇಡುವ ಹಾಗಿಲ್ಲ. ಅಷ್ಟು ದೊಡ್ಡ ಗ್ರಂಥದಲ್ಲಿ ಹೋಟೆಲ್ ಅನ್ನೋ ಪದ ಯಾಕೆ ಬಂತು? ಕರಡು ಸಮಿತಿಯ ಅಧ್ಯಕ್ಷರು ಅಂಬೇಡ್ಕರ್. ವಿದೇಶದಲ್ಲಿ ಓದಿ, ಬರೋಡಾ ಸಂಸ್ಥಾನದಲ್ಲಿ ಕೆಲಸಕ್ಕೆ ಬಂದ ಆ ಮನುಷ್ಯನಿಗೆ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ಛತ್ರದಲ್ಲಿ ಉಳಿದುಕೊಂಡಿದ್ದಾಗ ಜನ ಗುಂಪು ಕಟ್ಟಿಕೊಂಡು ಬಂದು ಹೊರಗೆ ಹಾಕಿದರು. ಆ ಅವಮಾನ ಉಂಡವರಿಗೆ ಹೋಟೆಲಿನ ಬಾಗಿಲು ಸಣ್ಣ ವಿಷಯ ಆಗಿರಲಿಲ್ಲ. 1950ರ ಜನವರಿ 26ಕ್ಕೆ ಸಂವಿಧಾನ ಜಾರಿಗೆ ಬಂತು. 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂದು ಹೋಟೆಲಿಗೆ ಬಿಡದೇ ಇರೋದು ಶಿಕ್ಷೆಯಾಗುವ ಅಪರಾಧ ಆಯಿತು.

ಕಾನೂನು ಬಾಗಿಲು ತೆಗೆಸಿತು. ಆದರೆ ಮೇಜು ಬದಲಾಗಬೇಕಿತ್ತು. ಅದು ಹೇಗಾಯಿತು?

ಮೈಸೂರಿನವರಿಗೆ ಒಂದು ಉತ್ತರ ಕಣ್ಣೆದುರೇ ಇತ್ತು. ದಸರಾ ವಸ್ತುಪ್ರದರ್ಶನ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಶುರುವಾದ ಈ ಪ್ರದರ್ಶನಕ್ಕೆ ಜನ ಹೋಗೋದು ಸ್ಟಾಲ್ ನೋಡೋಕೆ ಅಂತೀವಿ. ನಿಜ ಹೇಳಿ, ಹೋಗೋದು ಯಾತಕ್ಕೆ? ಚುರುಮುರಿಗೆ, ಬಜ್ಜಿಗೆ, ಮುಖಕ್ಕಿಂತ ದೊಡ್ಡದಾದ ಡೆಲ್ಲಿ ಹಪ್ಪಳಕ್ಕೆ! ಅಲ್ಲಿ ಸಾಲಿಲ್ಲ, ಎಲೆ ಇಲ್ಲ, ಒಳಕೋಣೆ ಇಲ್ಲ. ನಿಂತುಕೊಂಡು, ನಡೆದಾಡಿಕೊಂಡು ತಿನ್ನೋರ ನಡುವೆ ಪಂಕ್ತಿ ಎಲ್ಲಿಂದ ಬರಬೇಕು? ಮೈಸೂರಿನ ಮೊದಲ ಫುಡ್‌ಕೋರ್ಟ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು ವಸ್ತುಪ್ರದರ್ಶನ ಅಂತೀನಿ.

ಎರಡನೇ ಉತ್ತರ ಬೆಂಗಳೂರಿನ ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಟೋಕನ್ ತಗೊಳ್ಳಿ, ಕೌಂಟರ್‌ನಲ್ಲಿ ಇಡ್ಲಿ ಇಸ್ಕೊಳ್ಳಿ, ನಿಂತು ತಿನ್ನಿ, ಹೊರಡಿ. ಅಡುಗೆಮನೆ ಗಿರಾಕಿಯ ಕಣ್ಣೆದುರಿಗೇ ಬಂತು. ಮ್ಯಾನೇಜರ್ ಪಕ್ಕದಲ್ಲಿ ಡ್ರೈವರ್ ನಿಂತು ಒಂದೇ ಕಟ್ಟೆ ಮೇಲೆ ಕಾಫಿ ಲೋಟ ಇಟ್ಟರು. ಕ್ರಾಂತಿ ಅಂತ ಯಾರೂ ಕೂಗಲಿಲ್ಲ. ಎಲ್ಲರಿಗೂ ಆಫೀಸಿಗೆ ಹೊತ್ತಾಗಿತ್ತು, ಅಷ್ಟೇ!

ಮೂರನೆಯದು ಅಮೆರಿಕದಿಂದ ಬಂದದ್ದು. ವಿಯೆನ್ನಾದಲ್ಲಿ ಹುಟ್ಟಿ, ಹಿಟ್ಲರ್ ಆಸ್ಟ್ರಿಯಾ ನುಂಗಿದ 1938ರಲ್ಲಿ ಅಮೆರಿಕಕ್ಕೆ ಓಡಿಬಂದ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್. ಮಿನೆಸೋಟಾದಲ್ಲಿ 1956ರಲ್ಲಿ ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಮಾಲ್ ಕಟ್ಟಿದರು, ಸೌತ್‌ಡೇಲ್ ಅಂತ. ಅವರ ಕನಸು ಅಂಗಡಿ ಅಲ್ಲ, ಊರಿನ ಚೌಕ. ಜನ ಬರಬೇಕು, ಕೂರಬೇಕು, ಮಾತಾಡಬೇಕು. ಆದರೆ ವ್ಯಾಪಾರಿಗಳು ಚೌಕ ಬಿಟ್ಟು ವ್ಯಾಪಾರ ಮಾತ್ರ ಉಳಿಸಿಕೊಂಡರು. ಬೇಸತ್ತ ಗ್ರುಯೆನ್ ಕೊನೆಗೆ ಈ ಮಾಲ್‌ಗಳು ನನ್ನವಲ್ಲ ಅಂತ ಕೈತೊಳೆದುಕೊಂಡರು. 1974ರಲ್ಲಿ ನ್ಯೂಜೆರ್ಸಿಯ ಪ್ಯಾರಾಮಸ್ ಪಾರ್ಕ್ ಮಾಲ್‌ನ ಫುಡ್‌ಕೋರ್ಟ್ ಚೆನ್ನಾಗಿ ಓಡಿತು. ಅದೇ ಮಾದರಿ ಎಲ್ಲ ಕಡೆ ಹರಡಿತು. 2004ರಲ್ಲಿ ಬೆಂಗಳೂರಿನ ಕೋರಮಂಗಲಕ್ಕೆ ಫೋರಂ ಬಂತು. ಆಮೇಲೆ ಮೈಸೂರಿಗೂ ಬಂತು.

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಫುಡ್‌ಕೋರ್ಟ್ ನೋಡಿದಾಗ ಅದರ ನಕ್ಷೆ ಮೊದಲು ಕಾಣುತ್ತೆ. ಹಳೆಯ ಹೋಟೆಲಿನಲ್ಲಿ ಅಡುಗೆಮನೆಯೂ ಮಾಲೀಕನದು, ಊಟದ ಹಾಲೂ ಅವನದೇ. ಯಾರು ಎಲ್ಲಿ ಕೂರಬೇಕು ಅಂತ ಅವನೇ ಹೇಳ್ತಿದ್ದ. ಫುಡ್‌ಕೋರ್ಟ್‌ನಲ್ಲಿ ಅಡುಗೆಮನೆ ಹತ್ತು, ಹಾಲ್ ಒಂದೇ. ದೋಸೆ ಕೊಡೋನಿಗೆ ಆ ಮೇಜಿನ ಮೇಲೆ ಅಧಿಕಾರ ಇಲ್ಲ, ಬಿರಿಯಾನಿ ಕೊಡೋನಿಗೂ ಇಲ್ಲ. ಅದಕ್ಕೇ ಅಜ್ಜಿಯ ಸೆಟ್ ದೋಸೆ ಪಕ್ಕದಲ್ಲಿ ಅಳಿಯನ ಬಿರಿಯಾನಿ ಬಂದು ಕೂತದ್ದು. ಯಾರ ಮನಸ್ಸೂ ರಾತ್ರೋರಾತ್ರಿ ಬದಲಾಗಲಿಲ್ಲ. ನಕ್ಷೆ ಬದಲಾಯಿತು, ಅಭ್ಯಾಸ ಹಿಂದೆ ಬಂತು. ಇನ್ನೊಂದು ವಿಷಯ ಗಮನಿಸಿ. ಫುಡ್‌ಕೋರ್ಟ್ ಸಾಮಾನ್ಯವಾಗಿ ಮೇಲಿನ ಮಹಡಿಯಲ್ಲೇ ಇರುತ್ತೆ. ಹಸಿದವರು ಅಲ್ಲಿಗೆ ಹೋಗೋಕೆ ಎಲ್ಲ ಅಂಗಡಿ ದಾಟಬೇಕು. ಅದೂ ಲೆಕ್ಕಾಚಾರವೇ.

ಇಲ್ಲಿವರೆಗೆ ಒಳ್ಳೆ ಸುದ್ದಿ. ಈಗ ಇನ್ನೊಂದು ಸುದ್ದಿ.

2024ರ ಜುಲೈ. ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಮಾಲ್. ಹಾವೇರಿ ಜಿಲ್ಲೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡೋಕೆ ಬಂದರು. ಬಿಳಿ ಅಂಗಿ, ಪಂಚೆ. ಬಾಗಿಲಲ್ಲಿ ತಡೆದರು. ಪಂಚೆ ಉಟ್ಟವರಿಗೆ ಒಳಗೆ ಪ್ರವೇಶ ಇಲ್ಲ ಅಂದರು. ವಿಡಿಯೋ ಎಲ್ಲ ಚಾನೆಲ್‌ನಲ್ಲೂ ಬಂತು, ಜನ ಸಿಡಿದೆದ್ದರು, ವಿಧಾನಸಭೆಯಲ್ಲಿ ಗದ್ದಲ ಆಯಿತು, ಸರ್ಕಾರ 7 ದಿನ ಮಾಲ್ ಮುಚ್ಚಿಸುವ ತೀರ್ಮಾನ ಮಾಡಿತು.

ನಾವು ಸಿಟ್ಟು ಮಾಡಿಕೊಂಡದ್ದು ಸರಿ. ಆದರೆ 15ನೇ ವಿಧಿಯ ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ. ಬಟ್ಟೆ ಅನ್ನೋ ಪದ ಅದರಲ್ಲಿಲ್ಲ. ಜೇಬು ಅನ್ನೋ ಪದವೂ ಇಲ್ಲ. ಹೊಸ ಪಂಕ್ತಿಭೇದ ನುಸುಳೋದು ಇದೇ ಸಂದಿಯಲ್ಲಿ.

ಹೊಸ ಪಂಕ್ತಿಭೇದ ಹೇಗಿರುತ್ತೆ ಅಂತೀರಾ? ಪ್ರವಾಸಿಗಳನ್ನು ಮಾಲ್ ಬಾಗಿಲಿಗೆ ತಂದುಬಿಡೋ ಆಟೋದವರು, ಟಾಂಗಾದವರು ಊಟಕ್ಕೆ ಎಲ್ಲಿ ಹೋಗ್ತಾರೆ? ರಸ್ತೆ ಬದಿಯ ಗಾಡಿಗೆ, ಇಲ್ಲ ಇಂದಿರಾ ಕ್ಯಾಂಟೀನಿಗೆ. 2017ರಲ್ಲಿ ಶುರುವಾದಾಗ ಕ್ಯಾಂಟೀನಿನಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಅಲ್ಲೂ ಟೋಕನ್, ಅಲ್ಲೂ ಕೌಂಟರ್, ಅಲ್ಲೂ ಜಾತಿ ಕೇಳಲ್ಲ. ಮೇಲಿನ ಮಹಡಿಯಲ್ಲೂ ಕೇಳಲ್ಲ. ಆದರೆ ಇಲ್ಲಿ ಉಣ್ಣೋರು ಅಲ್ಲಿಗೆ ಹೋಗಲ್ಲ, ಅಲ್ಲಿ ಉಣ್ಣೋರು ಇಲ್ಲಿಗೆ ಬರಲ್ಲ. ಒಂದೇ ಊರು, ಎರಡು ಪಂಕ್ತಿ.

ನೀರನ್ನೇ ತಗೊಳ್ಳಿ. ನಮ್ಮ ಹಳೆಯ ಹೋಟೆಲುಗಳಲ್ಲಿ ಎಷ್ಟೇ ಕೊಂಕು ಇರಲಿ, ಕೂತ ತಕ್ಷಣ ಎದುರಿಗೆ ಬರ್ತಿದ್ದದ್ದು ನೀರಿನ ಲೋಟ. ಆರ್ಡರ್ ಆಮೇಲೆ. ಇವತ್ತು ಎಷ್ಟೋ ಫುಡ್‌ಕೋರ್ಟ್‌ಗಳಲ್ಲಿ ನೀರು ಅಂದ್ರೆ ಬಾಟಲಿ, ಬಾಟಲಿ ಅಂದ್ರೆ ದುಡ್ಡು. ಕುಡಿಯೋ ನೀರಿನ ನಲ್ಲಿ ಎಲ್ಲಿದೆ ಅಂತ ಕೇಳಿದರೆ ಮೂಲೆ ತೋರಿಸ್ತಾರೆ, ಅದೂ ಇದ್ದರೆ. ಕಾವೇರಿ ಪಕ್ಕದಲ್ಲೇ ಹರಿಯೋ ಊರಿನಲ್ಲಿ!

ಕೊನೆಯದಾಗಿ, ನೀವು ಎದ್ದ ಮೇಲೆ ಮೇಜು ಒರೆಸೋ ಹೆಣ್ಣುಮಗಳನ್ನು ನೋಡಿ. ಸಮವಸ್ತ್ರ ಹಾಕಿಕೊಂಡು ದಿನಕ್ಕೆ ನೂರಾರು ತಟ್ಟೆ ಎತ್ತುತ್ತಾಳೆ. ಹೊಟ್ಟೆ ಹಸಿದಾಗ ಆಕೆ ಡಬ್ಬಿ ಬಿಚ್ಚೋದು ಎಲ್ಲಿ? ತಾನು ಒರೆಸಿದ ಮೇಜಿನಲ್ಲಿ ಆಕೆ ಕೂತು ಉಂಡದ್ದನ್ನು ನಾನಂತೂ ನೋಡಿಲ್ಲ. ನೀವು ನೋಡಿದ್ದೀರಾ?

ಮಾಲ್ ಬೇಡ ಅಂತ ನಾನು ಹೇಳ್ತಿಲ್ಲ. ಸುಸ್ತಾದ ಪ್ರವಾಸಿಗೆ ನೆರಳು ಬೇಕು, ಮಕ್ಕಳಿಗೆ ಶೌಚಾಲಯ ಬೇಕು, ಹೆಣ್ಣುಮಕ್ಕಳು ಧೈರ್ಯವಾಗಿ ಕೂರೋ ಜಾಗ ಬೇಕು. ಅದನ್ನು ಮಾಲ್ ಕೊಟ್ಟಿದೆ, ಒಪ್ಪಬೇಕು. ನಾನು ಕೇಳೋದು ಮೂರೇ ವಿಷಯ. ದುಡ್ಡಿಲ್ಲದೆ ಸಿಗೋ ಕುಡಿಯೋ ನೀರು, ಕಣ್ಣಿಗೆ ಕಾಣೋ ಜಾಗದಲ್ಲಿ. ಆಟೋದವರೂ ಬಂದು ಉಣ್ಣೋ ಬೆಲೆಯ ಒಂದು ಅನ್ನ ಸಾರಿನ ಕೌಂಟರ್. ಮೇಜು ಒರೆಸೋರಿಗೆ ಕೂರೋಕೆ ಒಂದು ಮೇಜು. ಇದಕ್ಕೆ ದೊಡ್ಡ ಎಂಜಿನಿಯರಿಂಗ್ ಬೇಕಾಗಿಲ್ಲ, ಮನಸ್ಸು ಬೇಕು.

"ನೀನು ಯಾವ ಜಾತಿ?" ಅನ್ನೋ ಪ್ರಶ್ನೆಯನ್ನು ಹೋಟೆಲಿನ ಬಾಗಿಲಿಂದ ತೆಗೆಯೋಕೆ ನಮಗೆ ಅಷ್ಟು ವರ್ಷ ಬೇಕಾಯಿತು, ಒಂದು ಸಂವಿಧಾನವೇ ಬೇಕಾಯಿತು. ಅದೇ ಬಾಗಿಲಲ್ಲಿ "ಏನು ಉಟ್ಟಿದ್ದೀಯ, ಎಷ್ಟು ತಂದಿದ್ದೀಯ?" ಅನ್ನೋ ಪ್ರಶ್ನೆ ಬಂದು ನಿಲ್ಲೋಕೆ ಬಿಡಬಾರದು. ಮುಂದಿನ ಸಲ ಮೈಸೂರಿಗೆ ಬಂದಾಗ, ಮೃಗಾಲಯ ನೋಡಿ ಮಾಲ್‌ಗೆ ಹೋದಾಗ, ಟ್ರೇ ಇಟ್ಟುಕೊಂಡು ಕೂತ ಮೇಲೆ ಒಂದು ಸಲ ಸುತ್ತ ನೋಡಿ. ಪಕ್ಕದ ಕುರ್ಚಿಯಲ್ಲಿ ಯಾರಿದ್ದಾರೆ ಅಂತ ನೋಡಿ. ಯಾರಿಲ್ಲ ಅನ್ನೋದನ್ನೂ ನೋಡಿ.