ಗಣಿಯಿದ್ದ ನಾಡಿಗೆ ನೆರವೇಕೆ? ಕಾಂಗೋ ಹೇಳುವ ಕಥೆ

ಒಂದು ದೇಶದ ನೆಲದೊಳಗೆ ತಾಮ್ರವಿದೆ, ಕೋಬಾಲ್ಟ್ ಇದೆ, ವಜ್ರ, ಚಿನ್ನ, ಯುರೇನಿಯಂ ಎಲ್ಲ ಇವೆ. ಜಗತ್ತಿನ ಮಹಾನದಿಗಳಲ್ಲೊಂದು ಅಲ್ಲಿ ಹರಿಯುತ್ತದೆ. ಅಂಥ ದೇಶಕ್ಕೆ ಹೊರಗಿನವರ ಹಣವೇಕೆ ಬೇಕು? ಬೇಕಾದರೂ ಸಿರಿವಂತ ರಾಷ್ಟ್ರಗಳು ಏಕೆ ಕೊಡುತ್ತವೆ? ವಿದ್ಯಾರ್ಥಿಗಳನ್ನು ಕೇಳಿದರೆ ಕೆಲವರು ‘ಮಾನವೀಯತೆಯಿಂದ’ ಎನ್ನುತ್ತಾರೆ, ಕೆಲವರು ‘ಲೂಟಿ ಮಾಡಲು’ ಎನ್ನುತ್ತಾರೆ. ಎರಡೂ ಅವಸರದ ಉತ್ತರಗಳು. ಮಧ್ಯ ಆಫ್ರಿಕದ ಕಾಂಗೋ ದೇಶದ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಕಾಂಗೋ 1960ರ ಜೂನ್ 30ರಂದು ಬೆಲ್ಜಿಯಂನಿಂದ ಸ್ವತಂತ್ರವಾಯಿತು. ಆಳಿದ ದೇಶಕ್ಕಿಂತ ಆಳಿಸಿಕೊಂಡ ದೇಶ ಎಪ್ಪತ್ತು ಪಟ್ಟಿಗೂ ಮಿಗಿಲಾಗಿ ದೊಡ್ಡದು. ಆದರೆ ಬಿಡುಗಡೆಯ ದಿನ ಅಲ್ಲಿದ್ದ ಸ್ಥಳೀಯ ಪದವೀಧರರನ್ನು ಒಂದೇ ಕೊಠಡಿಯಲ್ಲಿ ಕೂರಿಸಬಹುದಿತ್ತು. ಗಣಿಗಳು ಕಟಾಂಗ ಪ್ರಾಂತದಲ್ಲಿದ್ದವು. ಅವುಗಳ ಒಡೆತನ ಯೂನಿಯನ್ ಮಿನಿಯೇರ್ ಎಂಬ ಬೆಲ್ಜಿಯಂ ಕಂಪೆನಿಯದು. ಹಿರೋಶಿಮಾದ ಮೇಲೆ ಬಿದ್ದ ಬಾಂಬಿಗೆ ಬಳಸಿದ ಯುರೇನಿಯಂನ ಹೆಚ್ಚಿನ ಪಾಲು ಇದೇ ಕಂಪೆನಿಯ ಶಿಂಕೊಲೊಬ್ವೆ ಗಣಿಯದು. ಹಾಗಾಗಿ ಈ ನೆಲ ಯಾರ ಕಡೆಗೆ ವಾಲುತ್ತದೆ ಎಂಬುದು ಅಮೆರಿಕಕ್ಕೂ ಸೋವಿಯತ್ ಒಕ್ಕೂಟಕ್ಕೂ ಸಣ್ಣ ವಿಷಯವಾಗಿರಲಿಲ್ಲ.

ಸ್ವಾತಂತ್ರ್ಯ ಬಂದ ಹನ್ನೊಂದನೆಯ ದಿನವೇ ಮೋಯಿಸ್ ಶೋಂಬೆ ಕಟಾಂಗವನ್ನು ಪ್ರತ್ಯೇಕ ದೇಶವೆಂದು ಸಾರಿದ. ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ 1961ರ ಜನವರಿಯಲ್ಲಿ ಅಲ್ಲೇ ಕೊಲೆಯಾದ. ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಸೈನಿಕರೂ ಇದ್ದರು. ಕಟಾಂಗದ ರಾಜಧಾನಿ ಎಲಿಜಬೆತ್‌ವಿಲ್‌ನಲ್ಲಿ 1961ರ ಡಿಸೆಂಬರ್ 5ರಂದು ಪ್ರಾಣ ಕೊಟ್ಟ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು.

1965ರ ನವೆಂಬರ್‌ನಲ್ಲಿ ಸೇನಾಧಿಕಾರಿ ಜೋಸೆಫ್ ಮೊಬುಟು ಅಧಿಕಾರ ಹಿಡಿದ. ಗಣಿಗಳನ್ನು ರಾಷ್ಟ್ರೀಕರಿಸಿದ, 1971ರಲ್ಲಿ ದೇಶಕ್ಕೆ ಝೈರ್ ಎಂದು ಹೆಸರಿಟ್ಟ. ಕಟಾಂಗ ‘ಶಾಬಾ’ ಆಯಿತು. ತಾಮ್ರದ ಬೆಲೆ ಏರುತ್ತಿದ್ದ ಕಾಲ ಅದು. ನೆಲದೊಳಗಿನ ಖನಿಜವನ್ನು ನಂಬಿ ಪಾಶ್ಚಾತ್ಯ ಬ್ಯಾಂಕುಗಳೂ ಸರಕಾರಗಳೂ ಧಾರಾಳವಾಗಿ ಸಾಲ ಕೊಟ್ಟವು. ಇಲ್ಲೊಂದು ಮಾತು ಗಮನಿಸಬೇಕು. ಪತ್ರಿಕೆಗಳು ‘ನೆರವು’ ಎಂದು ಬರೆಯುವುದರಲ್ಲಿ ಕೊಡುಗೆ ಎಷ್ಟೋ, ಬಡ್ಡಿಯ ಸಾಲವೂ ಅಷ್ಟೇ ಇರುತ್ತದೆ. ಎಷ್ಟೋ ಸಲ ಆ ಹಣದಿಂದ ಕೊಟ್ಟ ದೇಶದ ಯಂತ್ರಗಳನ್ನೇ ಕೊಳ್ಳಬೇಕೆಂಬ ಷರತ್ತೂ ಇರುತ್ತದೆ.

ಇಂಗಾ–ಶಾಬಾ ವಿದ್ಯುತ್ ಮಾರ್ಗ ಇದಕ್ಕೆ ಒಳ್ಳೆಯ ಉದಾಹರಣೆ. ರಾಜಧಾನಿ ಕಿನ್ಶಾಸಾದ ಕೆಳಗೆ, ಕಾಂಗೋ ನದಿ ಧುಮ್ಮಿಕ್ಕುವ ಇಂಗಾದಲ್ಲಿ ಅಣೆಕಟ್ಟು ಕಟ್ಟಿ, ಅಲ್ಲಿಂದ ಸುಮಾರು 1,700 ಕಿಲೋಮೀಟರ್ ದೂರದ ತಾಮ್ರದ ಗಣಿಗಳಿಗೆ ವಿದ್ಯುತ್ ಒಯ್ಯುವ ಯೋಜನೆ ಅದು. ಅಮೆರಿಕದ ಸರಕಾರಿ ಬ್ಯಾಂಕೊಂದು ಮುಂದೆ ನಿಂತು ಸಾಲ ಕೊಟ್ಟಿತು, ಕಟ್ಟುವ ಗುತ್ತಿಗೆ ಅಮೆರಿಕದ ಕಂಪೆನಿಗೇ ಹೋಯಿತು. ಮಾರ್ಗ ನೇರ ವಿದ್ಯುತ್ತಿನದು. ನಡುವೆ ಎಲ್ಲೆಂದರಲ್ಲಿ ತಂತಿ ಎಳೆದುಕೊಳ್ಳಲು ಬರುವುದಿಲ್ಲ. ಹೀಗಾಗಿ ತಲೆಯ ಮೇಲೆ ಆ ತಂತಿ ಹಾದುಹೋದ ಊರುಗಳಲ್ಲಿ ಸಂಜೆಗೆ ಸೀಮೆಎಣ್ಣೆಯ ದೀಪವೇ ಉರಿಯಿತು. ಶಾಬಾ ಪ್ರಾಂತದಲ್ಲಿ ಜಲವಿದ್ಯುತ್ ಮೊದಲೇ ಇತ್ತು. ಹಾಗಿದ್ದರೆ ಇಷ್ಟು ದೂರದ ತಂತಿ ಏಕೆ? ಒಮ್ಮೆ ಬೇರೆಯಾಗಲು ಹೊರಟಿದ್ದ ಪ್ರಾಂತದ ಸ್ವಿಚ್ಚು ರಾಜಧಾನಿಯ ಹತ್ತಿರ ಇರಲಿ ಎಂಬುದೂ ಒಂದು ಕಾರಣವೆಂದು ಹಲವು ವಿದ್ವಾಂಸರು ಹೇಳಿದ್ದಾರೆ. ಒಪ್ಪುವಂತೆಯೇ ಇದೆ.

ಕೆಲಸ ನಡೆದಿದ್ದಾಗಲೇ, 1974ರಲ್ಲಿ ತಾಮ್ರದ ಬೆಲೆ ಕುಸಿಯಿತು. ಮರುವರ್ಷದ ಹೊತ್ತಿಗೆ ಅದು ಅರ್ಧಕ್ಕಿಂತ ಕೆಳಗಿಳಿದಿತ್ತು. ಝೈರ್ ಕಂತು ಕಟ್ಟಲಾರದೆ ಹೋಯಿತು. 1976ರಿಂದ ಸಾಲಗಾರ ರಾಷ್ಟ್ರಗಳು ಪ್ಯಾರಿಸ್‌ನಲ್ಲಿ ಕೂತು ಗಡುವನ್ನು ಮತ್ತೆ ಮತ್ತೆ ಮುಂದೂಡಿದವು. ಮಾರ್ಗವೇನೋ 1982ರಲ್ಲಿ ಮುಗಿಯಿತು. ಅದನ್ನು ತುಂಬುವಷ್ಟು ಗಣಿಗಳು ಬೆಳೆದಿರಲಿಲ್ಲ.

ಕೊಟ್ಟ ಹಣ ಎಲ್ಲಿ ಹೋಗುತ್ತಿದೆ ಎಂದು ಕೊಟ್ಟವರಿಗೆ ತಿಳಿದಿರಲಿಲ್ಲವೇ? ಚೆನ್ನಾಗಿ ತಿಳಿದಿತ್ತು. ಅಂತಾರಾಷ್ಟ್ರೀಯ ಹಣಕಾಸು ನಿಧಿ 1978ರಲ್ಲಿ ಜರ್ಮನಿಯ ಎರ್ವಿನ್ ಬ್ಲೂಮೆಂಟಾಲ್ ಎಂಬ ಬ್ಯಾಂಕ್ ಅಧಿಕಾರಿಯನ್ನು ಝೈರ್‌ನ ಕೇಂದ್ರ ಬ್ಯಾಂಕಿಗೆ ಕಳಿಸಿತು. ಮರುವರ್ಷವೇ ಬೇಸತ್ತು ಮರಳಿದ ಆತ 1982ರಲ್ಲಿ ವರದಿ ಬರೆದ. ಬೊಕ್ಕಸಕ್ಕೂ ಅಧ್ಯಕ್ಷನ ಕಿಸೆಗೂ ನಡುವೆ ಗೋಡೆಯೇ ಇಲ್ಲ, ಸಾಲ ಕೊಟ್ಟವರು ಹಣ ಹಿಂದಕ್ಕೆ ಬರುವ ಆಸೆ ಬಿಡುವುದು ಲೇಸು ಎಂಬುದು ಅದರ ಸಾರ. ಮೊಬುಟು ತನ್ನ ಊರಾದ ಬಡೋಲಿಟೆಯಲ್ಲಿ ಅರಮನೆ ಕಟ್ಟಿಸಿದ್ದ, ಕಾಂಕಾರ್ಡ್ ವಿಮಾನ ಇಳಿಯಬಲ್ಲ ಓಡುಹಾದಿ ಹಾಕಿಸಿದ್ದ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಆದರೂ 1983ರಲ್ಲಿ ಹಣಕಾಸು ನಿಧಿ ಮತ್ತೆ ದೊಡ್ಡ ಸಾಲ ಮಂಜೂರು ಮಾಡಿತು.

ಕಾರಣ ಗಣಿಯೊಂದೇ ಅಲ್ಲ, ಭೂಪಟವೂ ಹೌದು. ನೆರೆಯ ಅಂಗೋಲಾದಲ್ಲಿ 1975ರಿಂದ ಸೋವಿಯತ್ ಬೆಂಬಲದ ಸರಕಾರವಿತ್ತು, ಕ್ಯೂಬಾದ ಸೈನ್ಯವಿತ್ತು. ಅದರ ವಿರೋಧಿಗಳಿಗೆ ನೆರವು ಸಾಗಿಸಲು ಅಮೆರಿಕಕ್ಕೆ ಝೈರ್‌ನ ನೆಲ ಬೇಕಿತ್ತು. 1978ರಲ್ಲಿ ಬಂಡುಕೋರರು ಗಣಿಯ ಊರು ಕೊಲ್ವೇಜಿಗೆ ನುಗ್ಗಿದಾಗ, ಜೆಟ್ ಎಂಜಿನ್ನುಗಳ ಮಿಶ್ರಲೋಹಕ್ಕೆ ಬೇಕಾದ ಕೋಬಾಲ್ಟ್‌ನ ಬೆಲೆ ಹಲವು ಪಟ್ಟು ಏರಿತು. ಫ್ರಾನ್ಸ್ ಮತ್ತು ಬೆಲ್ಜಿಯಂನ ಸೈನಿಕರು ವಿಮಾನದಲ್ಲಿ ಬಂದಿಳಿದರು. ಸಾಲ ವಸೂಲಾಗದಿದ್ದರೂ ಸಾಲ ಕೊಟ್ಟ ಉದ್ದೇಶ ಈಡೇರುತ್ತಲೇ ಇತ್ತು.

‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಮಾತ್ರ ಕೊಟ್ಟವನು ಕೋಡಂಗಿಯಾಗಿರಲಿಲ್ಲ. ತೀರಿಸುವ ಹೊಣೆ ಹೊತ್ತವರು ಸಾಲದ ಪತ್ರವನ್ನು ಕಣ್ಣಿಂದಲೂ ಕಾಣದವರು.

ಶೀತಲ ಸಮರ ಮುಗಿಯುತ್ತಿದ್ದಂತೆ ನೆರವಿನ ನಲ್ಲಿಯೂ ನಿಂತಿತು. 1990ರ ಮೇ ತಿಂಗಳಲ್ಲಿ ಲುಬುಂಬಾಶಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಮೇಲೆ ರಾತ್ರಿ ದಾಳಿ ನಡೆದು ಹತ್ಯೆಗಳಾದವು. ಬೆಲ್ಜಿಯಂ ನೆರವು ನಿಲ್ಲಿಸಿತು. ಅದೇ ವರ್ಷ ಅಮೆರಿಕದ ಸಂಸತ್ತೂ ಕೈ ಬಿಗಿಹಿಡಿಯಿತು. ದಬ್ಬಾಳಿಕೆ ಅದಕ್ಕೆ ಹಿಂದೆಯೂ ಇತ್ತು ಎಂಬುದನ್ನು ಓದುಗರು ಮರೆಯಬಾರದು. 1997ರ ಮೇನಲ್ಲಿ ಮೊಬುಟು ಓಡಿಹೋದ. ಅವನ ಕಾಲದ ಸಾಲ ಉಳಿಯಿತು. 2010ರಲ್ಲಿ ಸುಮಾರು 1,230 ಕೋಟಿ ಡಾಲರ್‌ಗಳಷ್ಟು ಸಾಲಕ್ಕೆ ವಿಶ್ವಬ್ಯಾಂಕ್, ಹಣಕಾಸು ನಿಧಿ ಮುಂತಾದವು ವಿನಾಯಿತಿ ಒಪ್ಪಿದವು.

ಅಷ್ಟರಲ್ಲಿ ಹೊಸ ಕೊಡುಗೈ ಬಂದಾಗಿತ್ತು. ರಸ್ತೆ, ಆಸ್ಪತ್ರೆ ಕಟ್ಟಿಕೊಡುತ್ತೇವೆ, ಬದಲಿಗೆ ತಾಮ್ರ–ಕೋಬಾಲ್ಟ್ ಗಣಿಗಳಲ್ಲಿ ಪಾಲು ಕೊಡಿ ಎಂದು ಚೀನಾ 2008ರಲ್ಲಿ ಒಪ್ಪಂದ ಮಾಡಿಕೊಂಡಿತು. ಇಂದು ಜಗತ್ತಿನ ಗಣಿಗಳ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಕಾಂಗೋದ್ದು. ಮೊಬೈಲಿನ, ವಿದ್ಯುತ್ ಕಾರಿನ ಬ್ಯಾಟರಿಗೆ ಅದು ಬೇಕು. ಕಟಾಂಗದ ತಾಮ್ರವನ್ನು ಅಟ್ಲಾಂಟಿಕ್ ತೀರಕ್ಕೆ ಒಯ್ಯಲೆಂದು ವಸಾಹತು ಕಾಲದಲ್ಲಿ ಹಾಕಿದ್ದ ರೈಲುದಾರಿಯನ್ನು ಅಂಗೋಲಾದ ಯುದ್ಧ ಹಾಳುಗೆಡವಿತ್ತು. ಚೀನಾ ಅದನ್ನು ಮತ್ತೆ ಹಾಕಿಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಆ ದಾರಿಯ ಕೊನೆಯ ಬಂದರು ಲೊಬಿಟೋಗೆ ಹೋಗಿ, ಅದೇ ದಾರಿಯ ಅಭಿವೃದ್ಧಿಗೆ ಸಾಲದ ಭರವಸೆ ಕೊಟ್ಟು ಬಂದರು.