ಮೊನಾಡ್‌ನಾಕ್ ಕಟ್ಟಡ ಮತ್ತು ಜಾನ್ ರೂಟ್: ಪಾಯದ ಕಡೆಯಿಂದ ಒಂದು ನೋಟ

ಶಿಕಾಗೊದ ಮೊನಾಡ್‌ನಾಕ್ ಕಟ್ಟಡವನ್ನು (1891) ಇಟ್ಟಿಗೆ ಗೋಡೆಯೇ ಭಾರ ಹೊತ್ತ ಎತ್ತರದ ಕಟ್ಟಡಗಳ ಕೊನೆಯ ಮಾದರಿ ಎಂದು ಗುರುತಿಸುವುದು ವಾಸ್ತುಶಿಲ್ಪದ ಚರಿತ್ರೆಯಲ್ಲಿ ರೂಢಿ. ಉಕ್ಕಿನ ಚೌಕಟ್ಟು ಆಗಲೇ ಬಂದಿತ್ತು, ಆದರೂ ಇದು ಹಳೆಯ ದಾರಿಯನ್ನೇ ಹಿಡಿಯಿತು ಎಂಬ ಆಕ್ಷೇಪ ಆ ಮಾತಿನ ಒಳಗಿದೆ. ಹೀಗೆ ಹೇಳುವವರು ನೆಲದ ಮೇಲೆ ಕಾಣುವ ಗೋಡೆಗೆ ಕೊಟ್ಟಷ್ಟು ಗಮನವನ್ನು ಅದರ ಬುಡಕ್ಕೆ ಕೊಟ್ಟಿಲ್ಲ ಎಂಬುದು ಈ ಟಿಪ್ಪಣಿಯ ವಾದ.

ಅದನ್ನು ವಿನ್ಯಾಸಗೊಳಿಸಿದ ಜಾನ್ ವೆಲ್‌ಬಾರ್ನ್ ರೂಟ್ ಹುಟ್ಟಿದ್ದು 1850ರಲ್ಲಿ, ಜಾರ್ಜಿಯಾದ ಲಂಪ್‌ಕಿನ್‌ನಲ್ಲಿ. ಅಂತರ್ಯುದ್ಧದಲ್ಲಿ ಅಟ್ಲಾಂಟಾ ಶತ್ರುವಶವಾದಾಗ ತಂದೆ ಅವನನ್ನು ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಕಳಿಸಿದ. ಮರಳಿ ಬಂದ ರೂಟ್ 1869ರಲ್ಲಿ ನ್ಯೂಯಾರ್ಕ್‌ನಲ್ಲಿ ಪಡೆದದ್ದು ಸಿವಿಲ್ ಎಂಜಿನಿಯರಿಂಗ್ ಪದವಿ. ಪಾಯದ ಕಥೆಗೆ ಇದು ಮುಖ್ಯ. ವಾಸ್ತುಶಿಲ್ಪವನ್ನು ಅವನು ಕಲಿತದ್ದು ಜೇಮ್ಸ್ ರೆನ್ವಿಕ್ ಮುಂತಾದವರ ಕಚೇರಿಗಳಲ್ಲಿ ದುಡಿಯುತ್ತ. 1871ರ ಅಕ್ಟೋಬರ್‌ನ ಬೆಂಕಿಯಲ್ಲಿ ಸುಟ್ಟುಹೋದ ಶಿಕಾಗೊ ಮತ್ತೆ ಎದ್ದು ನಿಲ್ಲುತ್ತಿದ್ದಾಗ ಅಲ್ಲಿಗೆ ಹೋದ. ಪೀಟರ್ ವೈಟ್‌ನ ಕಚೇರಿಯಲ್ಲಿ ಡೇನಿಯಲ್ ಬರ್ನಮ್ ಜೊತೆಯಾದ. 1873ರಲ್ಲಿ ಇಬ್ಬರೂ ಸೇರಿ ‘ಬರ್ನಮ್ ಅಂಡ್ ರೂಟ್’ ಸಂಸ್ಥೆ ತೆರೆದರು. ಗಿರಾಕಿಗಳನ್ನು ಒಪ್ಪಿಸುವುದು ಬರ್ನಮ್‌ನ ಪಾಲು, ವಿನ್ಯಾಸ ಬಹುಪಾಲು ರೂಟ್‌ನದು.

ಶಿಕಾಗೊದ ನೆಲ ಮೆದುವಾದ ಜೇಡಿಮಣ್ಣಿನದು. ಬಂಡೆ ಸಿಗುವುದು ಬಹಳ ಆಳದಲ್ಲಿ. ಆ ಕಾಲದ ಮೇಸ್ತ್ರಿಗಳು ಕಲ್ಲಿನ ಮೇಲೆ ಕಲ್ಲಿಟ್ಟು, ಬುಡ ಅಗಲವಾಗಿ ತುದಿ ಕಿರಿದಾಗುವ ಪಾಯ ಕಟ್ಟುತ್ತಿದ್ದರು. ಕಟ್ಟಡದ ಎತ್ತರ ಹೆಚ್ಚಿದಷ್ಟೂ ಈ ಕಲ್ಲಿನ ರಾಶಿ ದೊಡ್ಡದಾಗಿ, ಬಾಯ್ಲರು, ಯಂತ್ರಗಳಿಗೆ ಬೇಕಾದ ನೆಲಮಾಳಿಗೆಯನ್ನೇ ನುಂಗುತ್ತಿತ್ತು. ಹತ್ತು ಅಂತಸ್ತಿನ ಮಾಂಟಾಕ್ ಕಟ್ಟಡದಲ್ಲಿ (1882) ರೂಟ್ ಇದಕ್ಕೆ ಪರಿಹಾರ ಹುಡುಕಿದ. ರೈಲು ಹಳಿಗಳನ್ನು ಒಂದು ಸಾಲು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ ಎಂಬಂತೆ ಪೇರಿಸಿ ಕಾಂಕ್ರೀಟ್ ಸುರಿಸಿದ. ಕಲ್ಲು ಒತ್ತಡವನ್ನು ತಾಳುತ್ತದೆ, ಬಾಗಿಸಿದರೆ ಸೀಳುತ್ತದೆ. ಹಳಿ ಬಾಗುವ ಬಲವನ್ನೂ ತಡೆದುಕೊಳ್ಳುತ್ತದೆ. ಹೀಗಾಗಿ ತೆಳುವಾದ ಹಾಸೊಂದೇ ಭಾರವನ್ನು ಅಗಲಕ್ಕೆ ಹಂಚಬಲ್ಲದಾಯಿತು. ನೀರಿನ ಮೇಲೆ ತೆಪ್ಪ ಕೂತಂತೆ ಕಟ್ಟಡ ಜೇಡಿಯ ಮೇಲೆ ಕೂತಿತು. ಮಾಂಟಾಕ್ 1902ರಲ್ಲಿ ನೆಲಸಮವಾಯಿತು, ಆದರೆ ಅದರ ಪಾಯದ ವಿಧಾನ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು.

ಮೊನಾಡ್‌ನಾಕ್‌ನ ಮಾಲೀಕರು ಬಾಸ್ಟನ್ನಿನ ಬ್ರೂಕ್ಸ್ ಸಹೋದರರು; ಶಿಕಾಗೊದಲ್ಲಿ ಅವರ ಪರವಾಗಿ ವ್ಯವಹರಿಸುತ್ತಿದ್ದವನು ಓವೆನ್ ಆಲ್ಡಿಸ್. ಅವರಿಗೆ ಅಲಂಕಾರ ಬೇಡವಾಗಿತ್ತು. ರೂಟ್ ಊರಿನಲ್ಲಿಲ್ಲದಾಗ ಬರ್ನಮ್ ಕಚೇರಿಯ ನಕ್ಷೆಗಾರನೊಬ್ಬನಿಂದ ಬೋಳು ಗೋಡೆಯ ನಕ್ಷೆ ಬರೆಸಿದನೆಂದೂ, ಮರಳಿ ಬಂದ ರೂಟ್ ಮೊದಲು ಸಿಟ್ಟಾಗಿ ಆಮೇಲೆ ಅದನ್ನೇ ಮನಸ್ಸಿಟ್ಟು ತಿದ್ದಿದನೆಂದೂ ಹ್ಯಾರಿಯಟ್ ಮನ್ರೊ ರೂಟ್ ಕುರಿತ 1896ರ ಜೀವನಚರಿತ್ರೆಯಲ್ಲಿ ಬರೆದಿದ್ದಾಳೆ. ಮನ್ರೊ ರೂಟ್‌ನ ಹೆಂಡತಿಯ ಅಕ್ಕತಂಗಿಯರಲ್ಲೊಬ್ಬಳು.  ಮನೆಯವರ ಮಾತನ್ನು ಎಚ್ಚರದಿಂದ ಬಳಸಬೇಕು. ಆದರೆ ಆರಂಭದ ನಕ್ಷೆ ರೂಟ್‌ನದಲ್ಲವೆಂದು ಒಪ್ಪುವ ಕಥೆ ಅವನನ್ನು ಮೆರೆಸಲು ಕಟ್ಟಿದ್ದಾಗಿರಲಾರದು. ಹಾಗಾಗಿ ಅದನ್ನು ನಂಬಲು ನನಗೆ ಅಡ್ಡಿಯಿಲ್ಲ.

ಆ ತಿದ್ದುಪಡಿಯನ್ನು ಈಗಲೂ ನೋಡಬಹುದು. ಹದಿನಾರು ಅಂತಸ್ತಿನ ಗೋಡೆ ಬುಡದಲ್ಲಿ ಸುಮಾರು 6 ಅಡಿ ದಪ್ಪ. ಮೊದಲ ಅಂತಸ್ತು ದಾಟುವಲ್ಲಿ ಅದು ಮೆಲ್ಲನೆ ಒಳಕ್ಕೆ ಬಾಗುತ್ತದೆ, ತುದಿಯಲ್ಲಿ ಮತ್ತೆ ಹೊರಕ್ಕೆ ಚಾಚುತ್ತದೆ. ಮೂಲೆಗಳ ಅಂಚನ್ನು ಮೇಲೇರಿದಂತೆ ಹೆಚ್ಚು ಹೆಚ್ಚಾಗಿ ಸವರಲಾಗಿದೆ. ಇದಕ್ಕೆಂದೇ ಅಚ್ಚು ಹಾಕಿದ ಇಟ್ಟಿಗೆಗಳು ಬೇಕಾದವು. ಅಲಂಕಾರವನ್ನು ಕೈಬಿಟ್ಟವನು ಗೋಡೆಯ ಆಕಾರದಲ್ಲೇ ಎಲ್ಲವನ್ನೂ ಹೇಳಿದ್ದಾನೆ.

ಗೋಡೆ ಹಳೆಯ ಬಗೆಯದೇ. ಆದರೆ ಒಳಗೆ ಗಾಳಿಯ ಹೊಡೆತ ತಾಳಲು ಲೋಹದ ಕಟ್ಟುಗಳಿವೆ, ಅಮೆರಿಕದಲ್ಲಿ ಅಂಥ ಪ್ರಯೋಗಗಳಲ್ಲಿ ಇದು ಮೊದಮೊದಲಿನದು. ಅಡಿಯಲ್ಲಿರುವುದು ಉಕ್ಕು ಹುದುಗಿದ ಕಾಂಕ್ರೀಟ್ ಹಾಸು. ಲೆಕ್ಕ ಹಾಕಿದ್ದಕ್ಕಿಂತ ಕಟ್ಟಡ ಹೆಚ್ಚು ತಗ್ಗಿತು, ದಶಕಗಳಲ್ಲಿ ಒಟ್ಟು ಸುಮಾರು 20 ಅಂಗುಲ. ಆದರೂ ಗಟ್ಟಿಯಾಗಿ ನಿಂತಿದೆ. ಇಷ್ಟು ಭಾರದ ಇಟ್ಟಿಗೆಯನ್ನು ಆ ಜೇಡಿಯ ಮೇಲೆ ನಿಲ್ಲಿಸಲು ಹೊಸ ಪಾಯವಿಲ್ಲದೆ ಸಾಧ್ಯವಿರಲಿಲ್ಲ. ಹಳೆಯದೆಂದು ಕರೆಸಿಕೊಂಡ ಗೋಡೆ ನಿಂತಿರುವುದೇ ಹೊಸ ಎಂಜಿನಿಯರಿಂಗ್ ಮೇಲೆ.

ಕಟ್ಟಡ ಮುಗಿದದ್ದನ್ನು ರೂಟ್ ನೋಡಲಿಲ್ಲ. 1893ರ ಶಿಕಾಗೊ ವಿಶ್ವಮೇಳದ ಸಲಹಾ ವಾಸ್ತುಶಿಲ್ಪಿಯಾಗಿದ್ದ ಅವನು 1891ರ ಜನವರಿ 15ರಂದು, 41ನೆಯ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡ.  ಮೇಳದ ಬಿಳಿಯ ಕಟ್ಟಡಗಳು ಎದ್ದದ್ದು ಬರ್ನಮ್‌ನ ಉಸ್ತುವಾರಿಯಲ್ಲಿ. ಮೊನಾಡ್‌ನಾಕ್‌ಗೆ ಆಮೇಲೆ ಸೇರಿಸಿದ ದಕ್ಷಿಣಾರ್ಧವನ್ನು 1893ರಲ್ಲಿ ಉಕ್ಕಿನ ಚೌಕಟ್ಟಿನಲ್ಲಿ ಕಟ್ಟಿದವರು ‘ಹೋಲಾಬರ್ಡ್ ಅಂಡ್ ರೋಷ್’ ಸಂಸ್ಥೆಯವರು. ಆ ಸಂಸ್ಥೆ 1920ರ ದಶಕದ ಕೊನೆಯಲ್ಲಿ ‘ಹೋಲಾಬರ್ಡ್ ಅಂಡ್ ರೂಟ್’ ಆಯಿತು. ಅದರಲ್ಲಿನ ರೂಟ್, ತಂದೆಯ ಹೆಸರನ್ನೇ ಹೊತ್ತ ಮಗ.