ಹಳದಿ ದೀಪದ ಹಿಂದಿನ ಇತಿಹಾಸ



ಕಳೆದ ಚಳಿಗಾಲದಲ್ಲಿ ನಾವಿಬ್ಬರೂ ಅಮೆರಿಕದ ಒಹಾಯೋ ರಾಜ್ಯದಲ್ಲಿರುವ ಮಗನ ಮನೆಯಲ್ಲಿದ್ದೆವು. ಅವನಲ್ಲಿ ಹತ್ತು ವರ್ಷ ಹಳೆಯ ಪಿಕಪ್ ಟ್ರಕ್ ಒಂದಿದೆ. ಅದನ್ನು ಚಾಲೂ ಮಾಡಿದೊಡನೆ ಚಾಲಕನ ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ನಿಮಿಷಕ್ಕೂ ಹೆಚ್ಚು ಕಾಲ ಮಿನುಗಿ, ಬಳಿಕ ಸ್ಥಿರವಾಗಿ ಉರಿಯುತ್ತಿತ್ತು. “ಗಾಳಿ ಸರಿಯಾಗಿದೆ ಅಪ್ಪಾ. ಚಕ್ರದೊಳಗಿನ ಸೆನ್ಸರುಗಳ ಬ್ಯಾಟರಿ ಮುಗಿದಿದೆ, ಅಷ್ಟೆ. ದೀಪದ ಮೇಲೊಂದು ಟೇಪು ಅಂಟಿಸಿದರಾಯಿತು” ಎಂದು ಅವನು ನಕ್ಕನು. ಮರುವಾರ ಅದೇ ಗಾಡಿಯಲ್ಲಿ ಸೊಸೆ, ಮೊಮ್ಮಗಳೊಡನೆ ದೂರದ ಪ್ರಯಾಣವಿತ್ತು. ನನಗೆ ಸಮಾಧಾನವಾಗಲಿಲ್ಲ. ಆ ದೀಪ ಅಲ್ಲಿಗೆ ಬಂದುದಾದರೂ ಹೇಗೆಂದು ಓದತೊಡಗಿದೆನು.

1986ರಲ್ಲಿ ಪೋರ್ಷೆ 959 ಎಂಬ ದುಬಾರಿ ಕಾರಿನಲ್ಲಿ ಟೈರಿನ ಗಾಳಿಯನ್ನು ತಾನಾಗಿಯೇ ಗಮನಿಸುವ ವ್ಯವಸ್ಥೆಯಿತ್ತು. ಆದರೆ ಅದು ಸಿರಿವಂತರ ಸೌಕರ್ಯವಾಗಿಯೇ ಉಳಿಯಿತು. ಅದನ್ನು ಸಾಮಾನ್ಯರ ಗಾಡಿಗೆ ತಂದದ್ದು ಒಂದು ದುರಂತ. ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಹಾಕುತ್ತಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಟದ ಮಧ್ಯೆಯೇ ಕಳಚಿಬೀಳುತ್ತಿತ್ತು, ಗಾಡಿಗಳು ಉರುಳುತ್ತಿದ್ದವು. 2000ದ ಆಗಸ್ಟ್ 9ರಂದು ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಕಂಪನಿ ಘೋಷಿಸಿತು. ಅಮೆರಿಕದಲ್ಲಿ ಈ ಟೈರುಗಳೊಂದಿಗೆ ತಳುಕು ಹಾಕಲಾದ ಸಾವುಗಳು 270ಕ್ಕೂ ಹೆಚ್ಚು.

ಟೈರಿನ ರಚನೆಯಲ್ಲಿ ದೋಷವಿತ್ತು. ಜೊತೆಗೆ ಗಾಳಿಯ ಪ್ರಶ್ನೆಯೂ ಎದ್ದಿತು. ಫೋರ್ಡ್ ಸೂಚಿಸಿದ್ದ ಒತ್ತಡ 26 ಪಿಎಸ್‌ಐ. 30 ಇರಬೇಕೆಂದು ಟೈರು ಕಂಪನಿ ಹೇಳಿತು. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತವೆ, ಬಿಸಿಯಾಗುತ್ತವೆ. ಆ ಶಾಖದಿಂದ ಒಳಗಿನ ಉಕ್ಕಿನ ಪಟ್ಟಿಗೂ ರಬ್ಬರಿಗೂ ಇರುವ ಬೆಸುಗೆ ಸಡಿಲವಾಗುತ್ತದೆ.

ಅದೇ ವರ್ಷ ನವೆಂಬರ್ 1ರಂದು ಅಧ್ಯಕ್ಷ ಕ್ಲಿಂಟನ್ ‘ಟ್ರೆಡ್’ ಕಾಯಿದೆಗೆ ಸಹಿ ಹಾಕಿದರು. ಗಾಳಿ ತೀರಾ ಇಳಿದಾಗ ಚಾಲಕನನ್ನು ಎಚ್ಚರಿಸುವ ಸಾಧನ ಹೊಸ ವಾಹನಗಳಲ್ಲಿ ಇರತಕ್ಕದ್ದೆಂದು ಅದು ವಿಧಿಸಿತು. 2002ರಲ್ಲಿ ಹೊರಬಂದ ಮೊದಲ ನಿಯಮವು, ಒಂದು ಚಕ್ರದ ಕೊರತೆಯನ್ನಷ್ಟೇ ಗುರುತಿಸಬಲ್ಲ ಅಗ್ಗದ ವಿಧಾನಕ್ಕೂ ಅವಕಾಶ ಕೊಟ್ಟಿತ್ತು. ಗ್ರಾಹಕ ಸಂಘಟನೆಗಳು ನ್ಯಾಯಾಲಯದ ಮೊರೆಹೊಕ್ಕವು. 2003ರಲ್ಲಿ ಆ ನಿಯಮ ರದ್ದಾಯಿತು. 2005ರ ಹೊಸ ನಿಯಮವು ನಾಲ್ಕು ಚಕ್ರಗಳ ಮೇಲೂ ನಿಗಾ ಇರಬೇಕೆಂದಿತು. 2007ರ ಸೆಪ್ಟೆಂಬರ್ 1ರಿಂದ ಪಿಕಪ್‌ಗಳೂ ಸೇರಿದಂತೆ ಅಲ್ಲಿನ ಹೊಸ ಲಘು ವಾಹನಗಳಿಗೆಲ್ಲ ಇದು ಕಡ್ಡಾಯವಾಯಿತು. ಸೆನ್ಸರು ಕೆಟ್ಟರೆ ದೀಪ ಮೊದಲು ಮಿನುಗಿ ನಂತರ ಉರಿಯಬೇಕೆಂಬುದೂ ಇದೇ ನಿಯಮದ ಮಾತು.

ಇದನ್ನೆಲ್ಲ ಮಗನಿಗೆ ಓದಿ ಹೇಳಿದೆನು. ಅವನು ಮರುಮಾತಾಡದೆ ನಾಲ್ಕು ಹೊಸ ಸೆನ್ಸರುಗಳನ್ನು ತರಿಸಿದನು. ಬ್ಯಾಟರಿಯನ್ನು ಒಳಗೇ ಮುಚ್ಚಿಬಿಟ್ಟಿರುವುದರಿಂದ ಇಡೀ ಸೆನ್ಸರನ್ನೇ ಬದಲಿಸಬೇಕು. ಟೈರಿನಂಗಡಿಯವನು ಟೈರನ್ನು ರಿಮ್ಮಿನಿಂದ ಬಿಡಿಸಿ, ಗಾಳಿ ತುಂಬುವ ವಾಲ್ವಿನ ಬುಡಕ್ಕೆ ಹೊಸದನ್ನು ಕೂರಿಸಿ, ಚಕ್ರದ ಸಮತೋಲವನ್ನು ಮತ್ತೆ ಸರಿಪಡಿಸಿದನು.

ಅಷ್ಟಕ್ಕೇ ಮುಗಿಯಲಿಲ್ಲ. ಪ್ರತಿ ಸೆನ್ಸರಿಗೂ ತನ್ನದೇ ಸಂಖ್ಯೆಯುಂಟು. ಅದು ಆ ಸಂಖ್ಯೆಯನ್ನೂ ಒತ್ತಡವನ್ನೂ ರೇಡಿಯೋ ಅಲೆಯ ಮೂಲಕ ತಿಳಿಸುತ್ತದೆ. ಟ್ರಕ್ಕಿಗೆ ಹೊಸ ಸಂಖ್ಯೆಗಳನ್ನು ಕಲಿಸಬೇಕು. ನಮ್ಮ ಹಾಜರಿ ಪುಸ್ತಕದಲ್ಲಿ ಹೊಸ ಹುಡುಗರ ಹೆಸರು ಬರೆದಂತೆ! ಮಗನು ಕೈಯಲ್ಲಿ ಹಿಡಿಯುವ ಉಪಕರಣವೊಂದನ್ನು ಮುಂದಿನ ಎಡಚಕ್ರದ ಬಳಿ ಒಡ್ಡಿದನು, ಹಾರನ್ನು ಕೂಗಿತು. ಆಮೇಲೆ ಮುಂದಿನ ಬಲ, ಹಿಂದಿನ ಬಲ, ಹಿಂದಿನ ಎಡ. ಪ್ರತಿ ಕೂಗಿಗೂ ಮೊಮ್ಮಗಳು “ಹಾಜರ್ ತಾತಾ” ಎಂದಳು. ದೀಪ ಆರಿತು.

ಒಂದು ಮಾತು ನೆನಪಿರಲಿ. ಗಾಳಿ ಶೇಕಡಾ 25ರಷ್ಟು ಇಳಿಯುವವರೆಗೂ ಈ ದೀಪ ಸುಮ್ಮನಿರಬಹುದು; 35 ಇರಬೇಕಾದಲ್ಲಿ 26ಕ್ಕೆ ಬಂದಾಗಲೇ ಅದು ಎಚ್ಚರಿಸೀತು. ಆದ್ದರಿಂದ ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ, ಮಾಪಕ ಹಿಡಿದು ನೋಡಿರಿ. ದೀಪ ಉರಿದರೆ ಮಾತ್ರ ಅದರ ಬಾಯಿ ಮುಚ್ಚಿಸಬೇಡಿ. ಅದನ್ನು ಅಲ್ಲಿ ಇರಿಸಲು ತೆತ್ತ ಬೆಲೆ ದೊಡ್ಡದು.